ಇಂದಿನ ಧಮ್ಮಚಿಂತನೆ: ಸಮನಾಗಿ ಬಗ್ಗಿಸಿದ ಟೀ





ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಬೇಸಿಗೆ ರಜೆಯಲ್ಲಿ ಜಪಾನಿಗೆ ಹೋಗಿಬಂದಾಗಿನಿಂದ ಗುಂಪಿನಲ್ಲಿ ಹಲವರು "ಬೌದ್ಧರ ದೇಶ ಹೇಗಿತ್ತು ಮೇಡಂ, ಬರೀರಿ" ಎಂದು ಕೇಳುತ್ತಲೇ ಇದ್ದೀರಿ. ನಾರಾದ ಭಾರೀ ಬುದ್ಧವಿಗ್ರಹ, ಕ್ಯೋಟೊದ ವಿಹಾರಗಳು, ಇವುಗಳ ಫೋಟೊ ಆಗಲೇ ಹಾಕಿದ್ದೇನೆ. ಅವುಗಳ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಒಂದು ದಿನ ಟೀ ಬೆಳೆಯುವ ಒಂದು ಹಳ್ಳಿಗಾಡಿಗೆ ಹೋಗಿದ್ದೆವು. ಊರಿಗೆ ಬಂದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವುದು ಆ ಒಂದು ದಿನ. ಸ್ವಲ್ಪ ಉದ್ದವಾಗಿದೆ. ಕೆಲಸ ಮುಗಿಸಿಕೊಂಡು ನಿಧಾನವಾಗಿ ಓದಿ.

ನನ್ನ ತಮ್ಮ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಅವನ ಜೊತೆ ಕೆಲಸ ಮಾಡುವ ಒಬ್ಬ ಜಪಾನಿ ಹುಡುಗ "ನಿಮ್ಮ ಅಕ್ಕ ಟೀ ಇಲ್ಲದೆ ಇರೋದಿಲ್ಲ ಅಂತೀರಲ್ಲ, ವಝುಕಾಗೆ ಕರ್ಕೊಂಡು ಹೋಗೋಣ" ಎಂದನಂತೆ. ಮೇ ತಿಂಗಳ ನಡುವಿನ ಒಂದು ಶನಿವಾರ ಮೂವರೂ ಹೊರಟೆವು. ಒಸಾಕಾದಿಂದ ರೈಲು ನಾರಾ ದಾಟಿ ಕಾಮೊ ಎಂಬ ಚಿಕ್ಕ ನಿಲ್ದಾಣಕ್ಕೆ ಬಿಡುತ್ತದೆ. ಅಲ್ಲಿಂದ ಬಸ್ಸು. ಬಸ್ಸಿನಲ್ಲಿ ನಮ್ಮನ್ನು ಬಿಟ್ಟರೆ ನಾಲ್ಕೈದು ಮುದುಕಿಯರು, ಅಷ್ಟೇ. ಹೊಳೆಯ ಪಕ್ಕದಲ್ಲೇ ರಸ್ತೆ. ಹೊಳೆಯ ದಂಡೆಯ ಬಂಡೆಯಲ್ಲಿ ಸುಮಾರು 700 ವರ್ಷದ ಹಿಂದೆ ಕೊರೆದ ಮೈತ್ರೇಯ ಬುದ್ಧ ಇದ್ದಾನೆ ಎಂದು ಆ ಹುಡುಗ ಹೇಳಿದ. ಕೈ ಮುಗಿದೆ.

ಊರು ಸಿಕ್ಕಿದ ಕೂಡಲೇ ಗುಡ್ಡಗಳು ಬಾಚಿದ ತಲೆಯ ಹಾಗೆ ಕಾಣತೊಡಗಿದವು. ಗುಂಡ್ಲುಪೇಟೆಯ ಆಚೆ ಗುಡಲೂರು ದಾರಿಯಲ್ಲಿ ನಾವೆಲ್ಲ ಟೀ ತೋಟ ನೋಡಿದ್ದೇವೆ. ಅಲ್ಲಿ ಗಿಡಗಳು ಗುಪ್ಪೆ ಗುಪ್ಪೆ. ಇಲ್ಲಿ ಗಿಡಗಳನ್ನು ಸಾಲಾಗಿ ಸೇರಿಸಿ, ನೆತ್ತಿಯನ್ನು ಗುಂಡಗೆ ಕತ್ತರಿಸಿ, ಉದ್ದುದ್ದ ಹಾಸಿಗೆ ಸುತ್ತಿಟ್ಟ ಹಾಗೆ ಮಾಡಿದ್ದಾರೆ. ನಡುನಡುವೆ ಎತ್ತರದ ಕಂಬ, ಕಂಬದ ತುದಿಗೆ ಒಂದೊಂದು ಫ್ಯಾನು. ಗಿಡಕ್ಕೂ ಫ್ಯಾನು ಹಾಕ್ತಾರಾ ಎಂದು ನಾನು ನಕ್ಕೆ. ಎಳೆ ಚಿಗುರು ಬರುವ ಹೊತ್ತಿಗೆ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಟ್ಟುಹೋಗುತ್ತದಂತೆ. ನೆಲದ ಹತ್ತಿರದ ಗಾಳಿ ತಣ್ಣಗಿದ್ದರೂ ಮೇಲಿನ ಗಾಳಿ ಒಂದಿಷ್ಟು ಬೆಚ್ಚಗಿರುತ್ತದೆ. ಆ ಬೆಚ್ಚನೆಯ ಗಾಳಿಯನ್ನು ಫ್ಯಾನು ಕೆಳಗೆ ತಳ್ಳುತ್ತದೆ. ಕೆಲವು ಸಾಲುಗಳ ಮೇಲೆ ನಮ್ಮ ನರ್ಸರಿಗಳ ಶೇಡ್ ನೆಟ್ಟಿನಂಥ ಕಪ್ಪು ಪರದೆ ಹೊದಿಸಿದ್ದರು. ಕೊಯ್ಲಿಗೆ ಮೊದಲು ಮೂರು ವಾರ ಬಿಸಿಲು ತಾಗದಂತೆ ಮುಚ್ಚಿದರೆ ಎಲೆಯ ಒಗರು ಕಡಿಮೆಯಾಗಿ ಸಿಹಿ ಉಳಿಯುತ್ತದೆ. ಪುಡಿ ಮಾಡಿ ಕುಡಿಯುವ 'ಮಾಚಾ' ಇಂಥ ಎಲೆಯದು. ಅಂದಹಾಗೆ ಟೀಗೆ ಅವರು ಹೇಳುವುದೂ 'ಚಾ' ಎಂದೇ, ನಮ್ಮ ಹುಬ್ಬಳ್ಳಿ ಕಡೆಯವರ ಹಾಗೆ.

ಒಂದು ಸಾಲಿನ ಎರಡೂ ಬದಿಯಲ್ಲಿ ಗಂಡ ಹೆಂಡತಿ ನಿಂತು, ನಡುವೆ ಬಾಗಿದ ಕತ್ತರಿಯ ಯಂತ್ರ ಹಿಡಿದು ನಡೆಯುತ್ತಿದ್ದರು. ಯಂತ್ರದ ಹಿಂದೆ ಕಟ್ಟಿದ ಉದ್ದನೆಯ ಚೀಲಕ್ಕೆ ಚಿಗುರು ಹೋಗಿ ಬೀಳುತ್ತಿತ್ತು. ಇಬ್ಬರಿಗೂ ಎಪ್ಪತ್ತರ ಹತ್ತಿರ. ಇಲ್ಲಿನ ತೋಟಗಳು ಹೆಚ್ಚಾಗಿ ಕುಟುಂಬಗಳವೇ. ಯಾರ ಗುಡ್ಡವೋ ಅವರದೇ ಬೆವರು. ನೀಲಗಿರಿಯಲ್ಲೂ ಶ್ರೀಲಂಕಾದಲ್ಲೂ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಚಿಗುರು ಕಿತ್ತವರಲ್ಲಿ ಬಹಳಷ್ಟು ಜನ ಯಾರು, ತೋಟ ಯಾರದಾಗಿತ್ತು, ನಿಮಗೆ ಹೇಳಬೇಕಾಗಿಲ್ಲ. ಆದರೆ ಇಲ್ಲಿಯೂ ಮಕ್ಕಳು ಪಟ್ಟಣ ಸೇರಿ, ತೋಟ ನೋಡಿಕೊಳ್ಳಲು ಮುಂದಿನವರಿಲ್ಲದೆ ಮುದುಕರು ಸೋತಿದ್ದಾರೆ.

ಈ ಎಲೆಗೂ ನಮ್ಮ ಧಮ್ಮಕ್ಕೂ ಹಳೆಯ ನಂಟು. 1191ರಲ್ಲಿ ಐಸಾಯ್ ಎಂಬ ಭಿಕ್ಷು ಚೀನಾದಿಂದ ಹಿಂದಿರುಗುವಾಗ ಟೀ ಬೀಜ ತಂದರು. ಧ್ಯಾನಕ್ಕೆ ಕೂತ ಭಿಕ್ಷುಗಳಿಗೆ ನಿದ್ದೆ ಬಾರದಿರಲೆಂದು ವಿಹಾರಗಳಲ್ಲಿ ಟೀ ಕುಡಿಯುವ ರೂಢಿ ಬೆಳೆಯಿತು. ಅವರಿಂದ ಬೀಜ ಪಡೆದ ಮ್ಯೋಏ ಎಂಬ ಭಿಕ್ಷು ಕ್ಯೋಟೊದ ಹೊರವಲಯದ ಬೆಟ್ಟದಲ್ಲಿ ಬೆಳೆಸಿದರು. ಮ್ಯೋಏ ಅವರಿಂದ ಮತ್ತೊಬ್ಬ ಭಿಕ್ಷು ಪಡೆದು ವಝುಕಾದ ಬೆಟ್ಟದ ಬುಡದಲ್ಲಿ ನೆಟ್ಟರು ಎಂದು ಇಲ್ಲಿಯ ಜನ ಹೇಳುತ್ತಾರೆ. ಅಂದರೆ ಭಿಕ್ಷುಗಳ ಕೈಯಿಂದ ಕೈಗೆ ದಾಟಿಬಂದ ಬೀಜ ಇದು. ಬೋಧಿಧರ್ಮ ನಿದ್ದೆ ತಡೆಯಲು ತನ್ನ ಕಣ್ಣರೆಪ್ಪೆಗಳನ್ನೇ ಕತ್ತರಿಸಿ ಎಸೆದ, ಅಲ್ಲಿ ಟೀ ಗಿಡ ಹುಟ್ಟಿತು ಎಂಬ ಕತೆಯನ್ನೂ ಆ ಹುಡುಗ ಹೇಳಿದ. ನಾವು 22 ಪ್ರತಿಜ್ಞೆಯವರು, ನನಗೆ ಬೀಜದ ಕತೆಯೇ ಸಾಕು ಎಂದೆ. ಅವನೂ ನಕ್ಕ.

ಟೀ ಮತ್ತು ಭಿಕ್ಷು ಎಂದರೆ ಇನ್ನೊಬ್ಬರನ್ನು ನೆನೆಯಲೇಬೇಕು. ಬಾಯ್ಸಾವೊ ಎಂದು ಪ್ರಸಿದ್ಧರಾದವರು, 1675ರಲ್ಲಿ ಹುಟ್ಟಿದವರು. ಆ ಹೆಸರಿನ ಅರ್ಥವೇ 'ಟೀ ಮಾರುವ ಮುದುಕ'. ಝೆನ್ ಭಿಕ್ಷುವಾಗಿದ್ದವರು ಅರವತ್ತರ ವಯಸ್ಸಿನಲ್ಲಿ ಪಾತ್ರೆ ಪಗಡ ಹೊತ್ತುಕೊಂಡು ಕ್ಯೋಟೊದ ಬೀದಿಗೆ ಬಂದು ಟೀ ಮಾರಲು ನಿಂತರು. ಭಕ್ತರ ದಾನದ ಮೇಲೆ ಕೊಬ್ಬಿದ ಪುರೋಹಿತರನ್ನು ಕಂಡು ಬೇಸತ್ತಿದ್ದರು. ಟೀಗೆ ಇಷ್ಟೇ ಬೆಲೆ ಎಂದಿರಲಿಲ್ಲ. ಬಿದಿರಿನ ಕೊಳವೆಯೊಂದನ್ನು ಇಟ್ಟಿದ್ದರು, ಕೈಲಾದಷ್ಟು ಹಾಕಬಹುದು, ಇಲ್ಲದವರು ಸುಮ್ಮನೆ ಕುಡಿದು ಹೋಗಬಹುದು. ಅಷ್ಟಾಂಗ ಮಾರ್ಗದ ಸಮ್ಮಾ ಆಜೀವಕ್ಕೆ ಮಕ್ಕಳಿಗೆ ಉದಾಹರಣೆ ಹೇಳಲು ನನಗೆ ಇನ್ನು ಕಷ್ಟವಿಲ್ಲ.

ಮಧ್ಯಾಹ್ನ ಒಬ್ಬ ಅಜ್ಜಿಯ ಮನೆಯಲ್ಲಿ ಟೀಗೆ ಹೇಳಿದ್ದರು. ಚಾಪೆಯ ನೆಲ, ತಗ್ಗು ಮೇಜು, ಕಿಟಕಿಯಾಚೆ ಅವರದೇ ತೋಟ. ನಾವು ಮೂವರು, ಅಜ್ಜಿ ಒಬ್ಬರು, ನಾಲ್ಕು ಬಟ್ಟಲು. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳು. ಕುದಿದ ನೀರನ್ನು ಅವರು ನೇರವಾಗಿ ಎಲೆಗೆ ಹಾಕಲಿಲ್ಲ. ಮೊದಲು ಬಟ್ಟಲುಗಳಿಗೆ ಸುರಿದು, ಆರಿಸಿ, ಆಮೇಲೆ ಪಕ್ಕದಲ್ಲಿ ಹಿಡಿಯಿರುವ ಮಣ್ಣಿನ ಪಾತ್ರೆಗೆ ಹಾಕಿದರು. ತೀರ ಬಿಸಿ ನೀರು ಬಿದ್ದರೆ ಕಹಿ ಮೇಲೇಳುತ್ತದೆ. ಹಾಲಿಲ್ಲ, ಸಕ್ಕರೆಯಿಲ್ಲ. ನಮ್ಮ ಮನೆಗಳಲ್ಲಿ ಟೀಪುಡಿಯನ್ನು ಕುದಿಸಿ ಕುದಿಸಿ ಜೀವ ತೆಗೆಯುವುದನ್ನು ನೋಡಿದರೆ ಆ ಅಜ್ಜಿ ಏನನ್ನುತ್ತಿದ್ದರೋ.

ಆಮೇಲೆ ಅಜ್ಜಿ ಬಗ್ಗಿಸಲು ಶುರುಮಾಡಿದರು.

ಮೊದಲ ಬಟ್ಟಲಿಗೆ ಒಂದಿಷ್ಟು. ಎರಡನೆಯದಕ್ಕೆ ಒಂದಿಷ್ಟು. ಮೂರು, ನಾಲ್ಕು. ನಾಲ್ಕನೆಯದಕ್ಕೆ ಬಂದು ನಿಲ್ಲಿಸಿ, ಮತ್ತೆ ನಾಲ್ಕರಿಂದ ಹಿಂದಕ್ಕೆ, ಮೂರು, ಎರಡು, ಒಂದು. ಕೊನೆಯ ಹನಿಯವರೆಗೂ ಹೀಗೇ. ಯಾಕೆ ಹೀಗೆ, ಒಂದನ್ನು ತುಂಬಿಸಿ ಇನ್ನೊಂದಕ್ಕೆ ಹೋಗಬಹುದಲ್ಲ ಎಂದು ಕೇಳಿಸಿದೆ. ಮೊದಲು ಬರುವ ಟೀ ತೆಳು, ಕೊನೆಗೆ ಬರುವುದು ಗಟ್ಟಿ. ಒಂದೇ ಸಲ ತುಂಬಿಸಿದರೆ ಮೊದಲ ಬಟ್ಟಲಿನವರಿಗೆ ಸಪ್ಪೆ, ಕೊನೆಯವರಿಗೆ ಕಡು. ಹೀಗೆ ಹೋಗಿ ಬಂದು ಮಾಡಿದರೆ ನಾಲ್ವರದ್ದೂ ಒಂದೇ ಬಣ್ಣ, ಒಂದೇ ರುಚಿ. ಆ ದೇಶದಲ್ಲಿ ಟೀ ಮಾಡಲು ಕಲಿಯುವ ಮಕ್ಕಳಿಗೂ ಇದನ್ನೇ ಹೇಳಿಕೊಡುತ್ತಾರಂತೆ. ಅಜ್ಜಿಯ ಮುಖದಲ್ಲಿ ಯಾವ ವಿಶೇಷವೂ ಇರಲಿಲ್ಲ. ನಾವು ಅನ್ನ ಬಸಿಯುವಾಗ ಏನು ಯೋಚಿಸುತ್ತೇವೆ? ಹಾಗೆ. ಕೈಗೆ ಅಭ್ಯಾಸವಾಗಿತ್ತು.

ನಾನು ಬಟ್ಟಲು ಎತ್ತಿಕೊಳ್ಳಲಿಲ್ಲ. ತಮ್ಮ ನನ್ನ ಕಡೆ ನೋಡಿದ. "ಅಕ್ಕಾ, ಅಪ್ಪನ ಲೋಟ ಅಲ್ವಾ?" ಎಂದ.

ಅದೇ. ನಮ್ಮೂರ ಹೊಟೇಲಿನ ಹಿಂಭಾಗದ ಸೂರಿನಲ್ಲಿ ಸಿಕ್ಕಿಸಿಟ್ಟಿರುತ್ತಿದ್ದ ಲೋಟಗಳು. ಸಂತೆಯ ದಿನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿತ್ತು. ಮುಂಬಾಗಿಲಲ್ಲಿ ಬೆಂಚು, ಗಾಜಿನ ಲೋಟ, ರೇಡಿಯೊ. ನಾವು ಹಿಂದಕ್ಕೆ. ಅಪ್ಪ ಸೂರಿನಿಂದ ಲೋಟ ತೆಗೆದು, ಅವರು ಎತ್ತರದಿಂದ ಹುಯ್ದ ನೀರಿನಲ್ಲಿ ತೊಳೆದು, ಎರಡೂ ಕೈಯಲ್ಲಿ ಹಿಡಿದು ಬಾಗಿ ನಿಲ್ಲುತ್ತಿತ್ತು. ಅವರ ಪಾತ್ರೆ ನಮ್ಮ ಲೋಟಕ್ಕೆ ತಾಗಬಾರದು, ಹಾಗಾಗಿ ಟೀಯನ್ನೂ ಮೇಲಿಂದಲೇ ಹುಯ್ಯುತ್ತಿದ್ದರು. ಅರ್ಧ ಅಪ್ಪನ ಕೈಮೇಲೆ ಬೀಳುತ್ತಿತ್ತು. ಕಾಸು ಮಾತ್ರ ಮುಂದಿನವರಷ್ಟೇ. ಕುಡಿದಾದ ಮೇಲೆ ಅಪ್ಪನೇ ತೊಳೆದು ಮತ್ತೆ ಸೂರಿಗೆ ಸಿಕ್ಕಿಸಬೇಕು. ಬಾಬಾಸಾಹೇಬರಿಗೆ ಶಾಲೆಯಲ್ಲಿ ನಲ್ಲಿ ತಿರುಗಿಸಿಕೊಡಲು ಜವಾನ ಬೇಕಿತ್ತು ಎಂದು ಪಾಠ ಮಾಡುವಾಗಲೆಲ್ಲ ನನಗೆ ಕಾಣುವುದು ಅಪ್ಪನ ಆ ಬಾಗಿದ ಬೆನ್ನು. ಆ ಹೊಟೇಲಿನವರ ಕೈಗೂ ಅಭ್ಯಾಸವಾಗಿತ್ತು. ಎತ್ತರದಿಂದ ಹುಯ್ಯುವುದು ಅವರಿಗೆ ದ್ವೇಷ ಎಂದು ಕೂಡ ಅನ್ನಿಸುತ್ತಿರಲಿಲ್ಲ.

ಇದನ್ನು ಅಜ್ಜಿಗೆ ಹೇಳಬೇಕು ಅನ್ನಿಸಿತು. ತಮ್ಮ ಇಂಗ್ಲಿಷಿನಲ್ಲಿ ಹೇಳಿದ, ಆ ಹುಡುಗ ಜಪಾನಿ ಭಾಷೆಗೆ ತಿರುಗಿಸಿದ. ಅಜ್ಜಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಬುದ್ಧ ಹುಟ್ಟಿದ ಕಡೆಯವರು, ಬುದ್ಧನ ನಾಡಿನವರು ಹೀಗೆ ಮಾಡುತ್ತಾರೆಯೇ ಎಂದು ಕೇಳಿದರು. ನಮ್ಮಲ್ಲಿ ಬೌದ್ಧರು ನೂರಕ್ಕೆ ಒಬ್ಬರೂ ಇಲ್ಲ, 2011ರ ಜನಗಣತಿಯ ಪ್ರಕಾರ ಸುಮಾರು 84 ಲಕ್ಷ, ಅವರಲ್ಲಿ ಬಹುಪಾಲು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ತೆರೆದ ದಾರಿಯಲ್ಲಿ ಬಂದವರು ಎಂದು ವಿವರಿಸಿದೆ. ನಾಗಪುರದ ಭದಂತ ಸುರೈ ಸಸಾಯಿಯವರು ಹುಟ್ಟಿದ್ದು ಜಪಾನಿನಲ್ಲೇ ಎಂದಾಗ ಅಜ್ಜಿ ಬಹಳ ಖುಷಿಪಟ್ಟರು. ಆಮೇಲೆ ನಾನು, ಹೊಟ್ಟೆ ತುಂಬಿದ ಸಂತೋಷದಲ್ಲಿ, "ನಿಮ್ಮದು ಬೌದ್ಧರ ದೇಶ. ಒಂದೇ ಪಾತ್ರೆಯಿಂದ ಎಲ್ಲರಿಗೂ ಒಂದೇ ಸಮ ಬಗ್ಗಿಸುತ್ತೀರಿ. ನಮ್ಮ ದೇಶದವರು ಇಲ್ಲಿಗೆ ಬಂದು ಕಲಿಯಬೇಕು" ಎಂದೆ.

ಆ ಹುಡುಗ ಇದನ್ನು ಅನುವಾದಿಸಲಿಲ್ಲ. ಬೇರೆ ಏನೋ ಚಿಕ್ಕದಾಗಿ ಹೇಳಿ ಸುಮ್ಮನಾದ. ಅಜ್ಜಿ ತಲೆಬಾಗಿ ವಂದಿಸಿದರು. ನಾನೂ ವಂದಿಸಿದೆ.

ಸಂಜೆ ಕಾಮೊ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಆ ಹುಡುಗ ತಮ್ಮನ ಹತ್ತಿರ ದನಿ ತಗ್ಗಿಸಿ ಮಾತಾಡಿದ. ನಮ್ಮಲ್ಲೂ ಇದ್ದಾರೆ, ಮನೆಗಳಲ್ಲಿ ಆ ವಿಷಯ ಮಾತಾಡುವುದಿಲ್ಲ, ನಾನು ಅದನ್ನು ಅಜ್ಜಿಯ ಮುಂದೆ ಹೇಗೆ ಹೇಳಲಿ ಎಂದನಂತೆ. ಅವನು ಹೇಳಿದ ಒಂದು ಪದ 'ಬುರಾಕು'. ಬುರಾಕು ಎಂದರೆ ಸಣ್ಣ ಊರು, ಕೇರಿ. 'ಬುರಾಕುಮಿನ್' ಎಂದರೆ ಕೇರಿಯ ಜನ. ಬಂಧುಗಳೇ, ಬೇರೆ ಯಾವ ಭಾಷೆಯವರಿಗೂ ಆ ಪದ ಇಷ್ಟು ಬೇಗ ಅರ್ಥವಾಗಲಾರದು.

ಆ ರಾತ್ರಿಯೂ ಊರಿಗೆ ಬಂದ ಮೇಲೂ ಓದಿಕೊಂಡೆ. ಸತ್ತ ದನ ಎತ್ತುವುದು, ಚರ್ಮ ಹದ ಮಾಡುವುದು, ಕಟುಕನ ಕೆಲಸ. ಇವನ್ನು ಮಾಡಿದವರನ್ನು ಮೈಲಿಗೆಯವರೆಂದು ಊರಾಚೆ ಇಟ್ಟಿದ್ದರು. ಅವರ ಮುಖ, ಮೈಬಣ್ಣ, ಭಾಷೆ, ಧರ್ಮ ಯಾವುದರಲ್ಲೂ ಉಳಿದ ಜಪಾನಿಯರಿಗಿಂತ ವ್ಯತ್ಯಾಸವಿಲ್ಲ. 1871ರಲ್ಲಿ ಸರ್ಕಾರ ಆ ಕೀಳು ಪಟ್ಟವನ್ನು ಕಾನೂನಿನಿಂದ ತೆಗೆಯಿತು. ಮನಸ್ಸಿನಿಂದ ಹೋಗಲಿಲ್ಲ. ಯಾವ ಕೇರಿ ಎಲ್ಲಿದೆ ಎಂಬ ಪಟ್ಟಿಯ ಪುಸ್ತಕಗಳು ಗುಟ್ಟಾಗಿ ಕಂಪನಿಗಳಿಗೆ ಮಾರಾಟವಾಗುತ್ತಿದ್ದುದು 1975ರಲ್ಲಿ ಬಯಲಾಯಿತು. ಕೆಲಸಕ್ಕೆ ಬಂದವನ ವಿಳಾಸ ನೋಡಿ ಜಾತಿ ಪತ್ತೆ ಮಾಡಲು!

ನನ್ನ ಎದೆಗೆ ಚುಚ್ಚಿದ್ದು ಇನ್ನೊಂದು. ಜಪಾನಿನಲ್ಲಿ ಸತ್ತವರಿಗೆ ಬೌದ್ಧ ಪುರೋಹಿತರು ಹೊಸ ಹೆಸರು ಕೊಡುತ್ತಾರೆ, ಅದನ್ನು ಗೋರಿಕಲ್ಲಿನ ಮೇಲೆ ಕೆತ್ತುತ್ತಾರೆ. ಕೇರಿಯವರಿಗೆ ಕೊಟ್ಟ ಹೆಸರುಗಳಲ್ಲಿ ಪಶು, ಆಳು, ಚರ್ಮ ಎಂಬ ಅರ್ಥದ ಅಕ್ಷರಗಳನ್ನು ಸೇರಿಸುತ್ತಿದ್ದರು. ಸತ್ತ ಮೇಲೂ ಗುರುತು ಉಳಿಯಲೆಂದು. ಮಾಡಿದವರು ಬೇರೆ ಯಾರೂ ಅಲ್ಲ, ಬುದ್ಧನ ಹೆಸರಿನಲ್ಲಿ ಚೀವರ ತೊಟ್ಟವರು. 1979ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಡೆದ ವಿಶ್ವ ಧರ್ಮಗಳ ಶಾಂತಿ ಸಮ್ಮೇಳನದಲ್ಲಿ ಸೋಟೊ ಝೆನ್ ಪಂಥದ ಹಿರಿಯರೊಬ್ಬರು ಜಪಾನಿನಲ್ಲಿ ಇಂಥ ತಾರತಮ್ಯವೇ ಇಲ್ಲ ಎಂದು ವಾದಿಸಿದ್ದರು. ಕೇರಿಯ ಜನ ಬಿಡಲಿಲ್ಲ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಆಮೇಲೆ ಆ ಪಂಥ ತಪ್ಪೊಪ್ಪಿಕೊಂಡು, ಮಾನವ ಹಕ್ಕುಗಳಿಗೆಂದೇ ವಿಭಾಗ ತೆರೆದು, ತನ್ನ ದೇವಾಲಯಗಳಲ್ಲಿದ್ದ ಅಂಥ ಹೆಸರುಗಳನ್ನು ಹುಡುಕಿ ತಿದ್ದಲು ತೊಡಗಿತು. ತಿದ್ದಿಕೊಂಡರು, ಅದನ್ನೂ ಹೇಳಬೇಕು.

ಆದರೆ ಅವರು ತಿದ್ದುವವರೆಗೆ ಕೇರಿಯವರು ಕೈಕಟ್ಟಿ ಕೂತಿರಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಸಭೆ ಸೇರಿ 'ಸುಯ್‌ಹೇಶಾ' ಎಂಬ ಸಂಘ ಕಟ್ಟಿದರು. ಸುಯ್ ಎಂದರೆ ನೀರು, ಹೇ ಎಂದರೆ ಸಮ. ನೀರು ನಿಂತಲ್ಲಿ ಹೇಗೆ ಸಮನಾಗಿ ನಿಲ್ಲುತ್ತದೋ ಹಾಗೆ. ಇದಾದ ಐದು ವರ್ಷಕ್ಕೆ, 1927ರ ಮಾರ್ಚ್ 20ರಂದು, ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಎರಡು ದೇಶದ ಕೇರಿಯವರಿಗೂ ನೀರೇ ನೆನಪಾಗಿದ್ದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಸುಯ್‌ಹೇಶಾದ ಘೋಷಣೆ ಬರೆದ ಸಾಯ್ಕೊ ಮಾಂಕಿಚಿ ನಮ್ಮ ರೈಲು ದಾಟಿಹೋದ ಅದೇ ನಾರಾ ಪ್ರಾಂತ್ಯದವರು, ಕೇರಿಯ ಬೌದ್ಧ ದೇವಾಲಯದಲ್ಲೇ ಹುಟ್ಟಿದವರು. ಅವರ ಸಂಘ ದೊಡ್ಡ ದೊಡ್ಡ ಬೌದ್ಧ ಪೀಠಗಳಿಗೆ ಇನ್ನು 20 ವರ್ಷ ನಮ್ಮ ಕೇರಿಗಳಿಗೆ ಕಾಣಿಕೆ ಕೇಳಿಕೊಂಡು ಬರಬೇಡಿ ಎಂದು ಹೇಳಿಬಿಟ್ಟಿತು.

ಈಗ ನನ್ನ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದ್ದೇನೆ.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಅಜ್ಜಿ ಕೊಟ್ಟ ಟೀ ಪೊಟ್ಟಣ ಇಡಲು ಜಾಗ ಹುಡುಕುತ್ತಿದ್ದೆ. ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಇತ್ತು. ಹೊಸದೇನಲ್ಲ, ಆರು ವರ್ಷದಿಂದ ಅಲ್ಲೇ ಇದೆ. ನಮ್ಮ ಮನೆಗೆ ಪಾತ್ರೆ ತೊಳೆಯಲು, ಬಚ್ಚಲು ಉಜ್ಜಲು ಬರುವ ಅಕ್ಕನ ಲೋಟ. ದಿನಾ ಅದರಲ್ಲೇ ಟೀ ಕೊಡುತ್ತೇನೆ. ಕುಡಿದು, ತೊಳೆದು, ಅಲ್ಲೇ ಇಟ್ಟು ಹೋಗುತ್ತಾರೆ. ಯಾರು ಇಡಲು ಹೇಳಿದರು? ನಾನಂತೂ ಬಾಯಿ ಬಿಟ್ಟು ಹೇಳಿಲ್ಲ. ಅವರು ಕೇಳಿಲ್ಲ. ಅವರು ಬೇರೆಯವರೂ ಅಲ್ಲ, ನಮ್ಮವರೇ. ನಮ್ಮೊಳಗಿನ ಇನ್ನೊಂದು ಬೀದಿಯವರು. ಯಾವ ಬೀದಿ ಎಂದು ನಾನು ಬರೆಯುವುದಿಲ್ಲ, ನೀವು ಊಹಿಸುವುದೂ ಬೇಡ.

ಅಂದರೆ 22 ಪ್ರತಿಜ್ಞೆಗಳನ್ನು ಓದಿ ಹೇಳಿಸುವ, ಹುಣ್ಣಿಮೆಗೊಮ್ಮೆ ವಿಹಾರದಲ್ಲಿ ತ್ರಿಸರಣ ಪಂಚಶೀಲ ಹೇಳುವ ನನ್ನ ಮನೆಯಲ್ಲೇ ಸೂರಿಗೆ ಸಿಕ್ಕಿಸಿದ ಲೋಟ ಇತ್ತು. ಅಪ್ಪ ಇದ್ದಿದ್ದರೆ ಮೊದಲು ಅದನ್ನೇ ನೋಡುತ್ತಿತ್ತು.

ಒಬ್ಬನೇ ಮನುಷ್ಯ ಇದ್ದರೆ ಅವನಿಗೆ ಧಮ್ಮ ಬೇಕಾಗಿಲ್ಲ, ಇಬ್ಬರು ಜೊತೆಗೆ ಬಾಳಬೇಕಾದಾಗ ಧಮ್ಮಕ್ಕೆ ಜಾಗ ಬೇಕು ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬರೆದಿದ್ದಾರೆ. ಅಧ್ಯಯನ ಕೂಟದಲ್ಲಿ ಆ ಭಾಗವನ್ನು ನಾನೇ ಎರಡು ಸಲ ವಿವರಿಸಿದ್ದೇನೆ, ಕಪ್ಪು ಹಲಗೆಯ ಮೇಲೆ ಬರೆದು. ನನ್ನ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಏಳು ಗಂಟೆಗೆ ಇಬ್ಬರು ಇರುತ್ತಿದ್ದೆವು. ಪಂಚಶೀಲದ ಒಂದೊಂದನ್ನೂ ನಾವು 'ಸಿಕ್ಖಾಪದ' ಎನ್ನುತ್ತೇವೆ. ಸಿಕ್ಖಾ ಎಂದರೆ ಶಿಕ್ಷಣ, ತರಬೇತಿ. ಇಷ್ಟು ವರ್ಷ ಅದು ನನ್ನ ನಾಲಿಗೆಗೆ ಆದ ತರಬೇತಿ. ಕೈಗೆ ಆಗಿರಲಿಲ್ಲ. ವಝುಕಾದ ಅಜ್ಜಿಯ ಕೈಗೆ ಬಟ್ಟಲುಗಳ ಮಟ್ಟಿಗೆ ಆಗಿತ್ತು. ಅದೇ ದೇಶದ ಪುರೋಹಿತರ ಕೈಗೆ ಗೋರಿಕಲ್ಲಿನ ಮಟ್ಟಿಗೆ ಆಗಿರಲಿಲ್ಲ. ಯಾರ ಕೈ ಎಲ್ಲಿ ತಪ್ಪುತ್ತದೆ ಎಂದು ಅವರವರೇ ನೋಡಿಕೊಳ್ಳಬೇಕೋ ಏನೋ.

ಆವತ್ತು ಆ ಸ್ಟೀಲ್ ಲೋಟವನ್ನು ತೆಗೆದು ಒಳಗಿನ ಲೋಟಗಳ ಜೊತೆ ಸೇರಿಸಿಬಿಟ್ಟೆ. ನಾವು ಕುಡಿಯುವ ಕಪ್ಪುಗಳಲ್ಲೇ ಎರಡು ಇಟ್ಟುಕೊಂಡು, ಅಜ್ಜಿ ಮಾಡಿದ ಹಾಗೆ ಇದಕ್ಕೊಂದಿಷ್ಟು ಅದಕ್ಕೊಂದಿಷ್ಟು ಬಗ್ಗಿಸಿದೆ. ನಮ್ಮ ಹಾಲಿನ ಟೀಗೆ ಅದೇನೂ ಬೇಕಿಲ್ಲ, ಆದರೂ ಹಾಗೇ ಮಾಡಿದೆ. ಅಕ್ಕ ಕಪ್ಪು ನೋಡಿ, "ನನ್ ಲೋಟ ಎಲ್ಲೋಯ್ತು ಟೀಚರಮ್ಮ?" ಎಂದರು. ಇನ್ನು ಇದರಲ್ಲೇ ಎಂದೆ. ಸುಮ್ಮನೆ ಕುಡಿದರು. ನಾನು ಶಾಲೆಗೆ ಹೊರಡುವಾಗ ನೋಡಿದರೆ ತೊಳೆದ ಕಪ್ಪು ಕಿಟಕಿಯ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಎತ್ತಿ ಒಳಗಿಟ್ಟೆ. ಮಾರನೆಯ ದಿನ ಮತ್ತೆ ಅಲ್ಲೇ. ಈಗ ಮೂರು ವಾರ. ಕೆಲವು ದಿನ ಒಳಗಿರುತ್ತದೆ, ಕೆಲವು ದಿನ ಕಟ್ಟೆಯ ಮೇಲೆ. ಕಳೆದ ಗುರುವಾರ ಅವರು ನಿಂತೇ ಕುಡಿಯುತ್ತಿದ್ದರು, ನಾನೂ ಎದ್ದು ನಿಂತೆ. "ನೀವ್ಯಾಕೆ ನಿಂತ್ಕಂಡ್ರಿ, ಕೂತ್ಕಳಿ" ಎಂದರು. "ನೀವು ಕೂತ್ರೆ ನಾನೂ ಕೂರ್ತೀನಿ" ಎಂದೆ. "ಕೆಲ್ಸ ಬಿದ್ದದೆ ಟೀಚರಮ್ಮ" ಎಂದು ನಕ್ಕು, ಕಪ್ಪು ಹಿಡಿದುಕೊಂಡೇ ಹಿತ್ತಲಿಗೆ ಹೋದರು.

ಅಜ್ಜಿ ಕೊಟ್ಟ ಪೊಟ್ಟಣದಲ್ಲಿ ಇನ್ನೂ ಅರ್ಧದಷ್ಟು ಟೀ ಇದೆ. ಭಾನುವಾರದ ಅಧ್ಯಯನ ಕೂಟಕ್ಕೆ ತರುತ್ತೇನೆ. ಹಾಲು ಸಕ್ಕರೆ ಹಾಕುವುದಿಲ್ಲ, ಆಮೇಲೆ ಸಪ್ಪೆ ಎನ್ನಬೇಡಿ. ಪೇಪರ್ ಕಪ್ಪು ಬೇಡ, ಸಾಧ್ಯವಾದವರು ಮನೆಯಿಂದ ಒಂದೊಂದು ಲೋಟ ತನ್ನಿ. ಎಲ್ಲವನ್ನೂ ಒಟ್ಟಿಗೆ ಇಟ್ಟು ಬಗ್ಗಿಸೋಣ. ಅಕ್ಕನನ್ನೂ ಕರೆದಿದ್ದೇನೆ. ನೋಡ್ತೀನಿ ಅಂದಿದ್ದಾರೆ.

ಭವತು ಸಬ್ಬ ಮಂಗಲಂ. ಜೈಭೀಮ್.